ನಮ್ಮ ಮನೆಯವರ ಹುಟ್ಟುಹಬ್ಬ

ನಿಂಗರಾಜ ಅವತ್ತು ಫೋನಿನಲ್ಲಿ ತನ್ನೂರಿನವರ ಹಾಗೆ ‘ನಮ್ಮನಿ ಆಕಿ’ ಅಂದುಬಿಟ್ಟಿದ್ದರೆ ಈ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಆ ಕಡೆ ಇದ್ದದ್ದು ಜೆ.ಪಿ. ನಗರದ ‘ಸ್ಲೋ ಸ್ಪೂನ್’ ಎಂಬ ಭಾರಿ ಹೋಟೆಲ್ಲು. ಅಂಥವರ ಹತ್ತಿರ ಕುಷ್ಟಗಿ ಮಾತಾಡಿದರೆ ನಕ್ಕಾರು ಎಂದು ಹೆದರಿ, ಬೆಂಗಳೂರಿಗೆ ಬಂದಮೇಲೆ ಕಲಿತ ನಯವಾದ ಕನ್ನಡವನ್ನೆಲ್ಲ ಗುಡ್ಡೆ ಹಾಕಿಕೊಂಡು ಮಾತಾಡಿದ.

“ಸಾರ್, ಭಾನುವಾರ, ಜೂನ್ ಒಂದು, ನಮ್ಮ ಮನೆಯವರ ಹುಟ್ಟುಹಬ್ಬ. ಒಂದು ಟೇಬಲ್ ಬೇಕಿತ್ತು.”

ಕೇಕಿನ ಮೇಲೆ ಏನು ಹೆಸರು ಬರೆಯಬೇಕೆಂದು ಅವರು ಕೇಳಿದರು. ನಿಂಗರಾಜನಿಗೆ ನಾಚಿಕೆಯಾಯಿತು. “ಹೆಸರು ಬೇಡ ಸಾರ್. ‘ನಮ್ಮ ಮನೆಯವರಿಗೆ, ಪ್ರೀತಿಯಿಂದ’ ಅಂತ ಬರೀರಿ,” ಅಂದ.

ಹೆಂಡತಿ ಜಯಾಗೆ ಕೇಳಿಸಬಾರದೆಂದು ಅವನು ತಾರಸಿಗೆ ಹೋಗಿ ಮಾತಾಡಿದ್ದ. ಅಲ್ಲೇ ನೀರಿನ ಟ್ಯಾಂಕಿನ ಹಿಂದೆ ಮನೆ ಓನರ್ ಬೋರಣ್ಣನವರ ಹೆಂಡತಿ ಅಂಜನಮ್ಮ ಒಣಗಿದ ಸಂಡಿಗೆ ಎತ್ತುತ್ತಿದ್ದರು. ಅವರ ಲೆಕ್ಕದಲ್ಲಿ ‘ಮನೆಯವರು’ ಅಂದರೆ ಮನೆ ಯಾರದೋ ಅವರು. ‘ಮನೆಯವರು ನೀರು ಬಿಟ್ಟಿಲ್ಲ’, ‘ಮನೆಯವರು ಮೊಳೆ ಹೊಡೆಯೋಕೆ ಬಿಡಲ್ಲ’ ಅಂತ ಬಾಡಿಗೆಯವರೆಲ್ಲ ಅನ್ನುತ್ತಿದ್ದದ್ದು ಇವರನ್ನೇ ತಾನೆ! ಮೇಲಾಗಿ ಆಧಾರ್ ಕಾರ್ಡಿನ ಪ್ರಕಾರ ಬೋರಣ್ಣನವರು ಹುಟ್ಟಿದ ದಿನವೂ ಜೂನ್ ಒಂದೇ. ಅಂಜನಮ್ಮ ಸಂಡಿಗೆಯನ್ನು ಅಲ್ಲೇ ಬಿಟ್ಟು ದಡದಡ ಕೆಳಗೆ ಓಡಿದರು.

ಪಾಪ, ನಿಂಗರಾಜನ ಕಷ್ಟ ಅವರಿಗೇನು ಗೊತ್ತು? ಮದುವೆಯಾಗಿ ಬಿಟಿಎಂ ಲೇಔಟಿನ ಈ ಎರಡು ಕೋಣೆಗೆ ಬಂದ ದಿನದಿಂದ ಗಂಡಹೆಂಡತಿ ಇಬ್ಬರೇ ಕೂತು ಒಂದು ತುತ್ತು ತಿಂದದ್ದಿಲ್ಲ. ಪರೀಕ್ಷೆ ಬರೆಯಲು ಬಂದ ಸೋದರಳಿಯ, ಕಣ್ಣು ತೋರಿಸಲು ಬಂದ ದೊಡ್ಡಪ್ಪ, ಸುಮ್ಮನೆ ಮೆಟ್ರೋ ನೋಡಲು ಬಂದ ಯಲ್ಲಪ್ಪ ಕಾಕಾ, ಒಬ್ಬರ ಹಿಂದೆ ಒಬ್ಬರು. ಕೊನೆಗೆ ಜಯಾ ಒಂದು ದಿನ ಲಟ್ಟಣಿಗೆ ಕೆಳಗಿಟ್ಟು ಹೇಳಿದ್ದಳು: “ಒಂದ ಸಲ, ನಾವಿಬ್ಬರ ಹೊರಗ ಊಟಕ್ಕ ಹೋಗೂಣು. ಮೂರನೇ ಮನಶ್ಯಾನ ಮಾರಿ ಕಂಡಿತೋ, ಮರುದಿನ ಮುಂಜಾನೆ ನಾ ಕುಷ್ಟಗಿ ಬಸ್ ಹತ್ತಾಕಿ.” ಜಯಾ ಸುಮ್ಮನೆ ಹೇಳುವವಳಲ್ಲ.

ಜೊತೆಗೆ ಇನ್ನೊಂದು ಅಳುಕು. ಹೋದ ವರ್ಷ ಜೂನ್ ಒಂದರಂದು ಅವಳ ಮೊಬೈಲಿಗೆ ಬ್ಯಾಂಕಿನವರು, ಸೀರೆ ಅಂಗಡಿಯವರು, ಗ್ಯಾಸಿನವರು ಕೂಡ ಹುಟ್ಟುಹಬ್ಬದ ಶುಭಾಶಯ ಕಳಿಸಿದ್ದರು. ಕಟ್ಟಿಕೊಂಡ ಗಂಡನೇ ಮರೆತಿದ್ದ. ಜಯಾ ಅವತ್ತು ಏನೂ ಅನ್ನಲಿಲ್ಲ. ಬೈದಿದ್ದರೂ ನಿಂಗರಾಜ ಇಷ್ಟು ಹೆದರುತ್ತಿರಲಿಲ್ಲ.

ಭಾನುವಾರ ಸಂಜೆ ಜಯಾ ಒಳಗೆ ಇಳಕಲ್ ಸೀರೆ ಉಡುತ್ತಿದ್ದಳು. ಯಾಕೆ, ಎಲ್ಲಿಗೆ ಎಂದು ನಿಂಗರಾಜ ಹೇಳಿರಲಿಲ್ಲ, ‘ನಾವಿಬ್ಬರ’ ಅಂದಿದ್ದ, ಅಷ್ಟೇ. ಆಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದ ಬೋರಣ್ಣ. ಅವರ ಪಕ್ಕ ಮದುವೆ ಮನೆಗೆ ಹೊರಟಂತೆ ಅಂಜನಮ್ಮ.

“ನಡಿಯಪ್ಪ ನಿಂಗರಾಜು, ನಾವು ರೆಡಿ!”

“ಎಲ್ಲಿಗೆ ಸಾರ್?”

“ನಾಟಕ ಆಡ್ಬೇಡ ಕಣೋ. ನಮ್ಮವಳು ಎಲ್ಲಾ ಕೇಳಿಸ್ಕೊಂಡವ್ಳೆ. ‘ನಮ್ಮ ಮನೆಯವರ ಹುಟ್ಟುಹಬ್ಬ’ ಅಂದ್ಯಂತೆ, ಕೇಕು ಹೇಳಿದ್ಯಂತೆ!” ಬೋರಣ್ಣ ಶಲ್ಯದ ತುದಿಯಿಂದ ಕಣ್ಣೊತ್ತಿಕೊಂಡರು. “ಅರವತ್ತು ದಾಟ್ತು ನಂಗೆ. ನಮ್ಮ ಮೊಮ್ಮಕ್ಕಳು ನಾಯಿಗೆ ಟೋಪಿ ಹಾಕಿ ಬರ್ತ್‌ಡೇ ಮಾಡ್ತವೆ. ನಂಗೆ ಇವತ್ತಿನವರೆಗೂ ಒಬ್ರು ಒಂದು ಚಾಕ್ಲೇಟ್ ಕೊಟ್ಟಿಲ್ಲ. ನೀನು ಬಾಡಿಗೆಗಿರೋನು, ನೆನಪಿಟ್ಕೊಂಡಿದೀಯಲ್ಲ!”

ನಿಂಗರಾಜ, “ಹಂಗಲ್ಲ ಸಾರ್, ಅದು ಏನಂದ್ರ,” ಎನ್ನುವಷ್ಟರಲ್ಲಿ ಬೋರಣ್ಣ ಅವನನ್ನು ಬಾಚಿ ತಬ್ಬಿಕೊಂಡರು. ಅವನ ಮಾತು ಶಲ್ಯದೊಳಗೇ ಸತ್ತುಹೋಯಿತು. ಅತ್ತವರ ಕಣ್ಣೊರೆಸಿ, ‘ನಿಮ್ಮದಲ್ಲ ಸ್ವಾಮಿ’ ಎನ್ನಲು ಕಲ್ಲೆದೆ ಬೇಕು. ಅದೂ ಅಗ್ರಿಮೆಂಟ್ ರಿನ್ಯೂ ಆಗುವ ತಿಂಗಳು.

ಜಯಾ ಹೊರಗೆ ಬಂದಳು. ಇಬ್ಬರನ್ನೂ ನೋಡಿದಳು. “ಇವರು ಎಲ್ಲಿಗೆ?”

“ನಿಮ್ಮ ಜೊತೇಲೇ ಕಣಮ್ಮ!” ಅಂಜನಮ್ಮ ಅವಳ ಗಲ್ಲ ಹಿಡಿದರು. “ನಿನ್ನ ಗಂಡ ನಮ್ಮ ಯಜಮಾನ್ರ ಬರ್ತ್‌ಡೇಗೆ ಪಾರ್ಟಿ ಕೊಡ್ತಾವ್ನೆ. ನಿಂಗೂ ಹೇಳಿಲ್ವಾ?”

“ಇಲ್ಲರಿ. ಇವರು ನನಗ ಏನೂ ಹೇಳೂದಿಲ್ಲ,” ಅಂದಳು ಜಯಾ. ದಾರಿಯುದ್ದಕ್ಕೂ ಬೋರಣ್ಣನವರ ಜೀಪಿನ ಹಿಂದಿನ ಸೀಟಿನಿಂದ ಅವಳ ದೃಷ್ಟಿ ನಿಂಗರಾಜನ ಕುತ್ತಿಗೆಯನ್ನು ಸುಡುತ್ತಿತ್ತು.

ಸ್ಲೋ ಸ್ಪೂನಿನಲ್ಲಿ ಅವನು ಕೇಳಿದ್ದಂತೆಯೇ ಮೂಲೆಯಲ್ಲಿ ಇಬ್ಬರ ಟೇಬಲ್ಲು, ಮೇಲೊಂದು ಮೇಣದಬತ್ತಿ. ಮ್ಯಾನೇಜರ್ ವಿಜಯಕುಮಾರ್ ನಾಲ್ವರನ್ನು ನೋಡಿ ಒಳಗಿಂದ ಎರಡು ಕುರ್ಚಿ ತರಿಸಿದ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುವಂತೆ ಎಲ್ಲರೂ ಒತ್ತಿಕೊಂಡು ಕೂತರು. ಅಕ್ಕಪಕ್ಕದ ಮೂರ್ನಾಲ್ಕು ಟೇಬಲ್ಲುಗಳಲ್ಲೂ ಕೇಕು, ಚಪ್ಪಾಳೆ, ಹಾಡು.

“ಇದೇನ್ರಿ, ಎಲ್ಲಾರೂ ಇವತ್ತ ಹುಟ್ಯಾರೇನು?” ಎಂದ ನಿಂಗರಾಜ, ನಯವಾದ ಕನ್ನಡ ಮರೆತು.

“ಜೂನ್ ಒಂದು ನಮಗೆ ವರ್ಷಾವರ್ಷ ಹಿಂಗೇ ರಶ್ ಸಾರ್. ಯಾಕೋ ಗೊತ್ತಿಲ್ಲ,” ಎಂದ ಮ್ಯಾನೇಜರ್.

ಊಟ ಬಂತು. ಮೊರದಗಲದ ತಟ್ಟೆ, ನಡುವೆ ಹೆಬ್ಬೆರಳ ಗಾತ್ರದ ಮೂರು ರಾಗಿ ಉಂಡೆ, ಪಕ್ಕದಲ್ಲಿ ಹಸಿರು ಗೊಜ್ಜಿನ ಒಂದು ಗೀಟು, ಅದರ ಮೇಲೊಂದು ಹೂವು. ಬೋರಣ್ಣ ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, “ಸ್ಯಾಂಪಲ್ ಚೆನ್ನಾಗದೆ. ಊಟ ತಕ್ಕೊಂಬಾ ಹೋಗು,” ಅಂದರು. ಇದೇ ಊಟ ಎಂದು ತಿಳಿದಾಗ ಅವರಿಗೆ ನಿಜವಾಗಿಯೂ ಸಿಟ್ಟು ಬಂತು. “ಇಷ್ಟು ದೊಡ್ಡ ತಟ್ಟೆ ತೊಳಿಯೋಕೆ ನೀರಿದೆ, ಒಂದು ಮುದ್ದೆ ಕಟ್ಟೋಕೆ ಹಿಟ್ಟಿಲ್ವೇನಯ್ಯಾ?” ಎಂದು ಇಡೀ ಹೋಟೆಲಿಗೆ ಕೇಳುವಂತೆ ಗದರಿದರು. ಅಂಜನಮ್ಮ ತಮ್ಮ ತಟ್ಟೆಯ ಹೂವನ್ನು ಹುಷಾರಾಗಿ ಒರೆಸಿ, ಮುತ್ತೈದೆಗೆ ಕೊಡುವಂತೆ ಜಯಾಳ ಮುಡಿಗೆ ಸಿಕ್ಕಿಸಿದರು. ಅದು ತಿನ್ನುವ ಹೂವೆಂದು ಹೇಳಲು ಬಂದ ಮ್ಯಾನೇಜರ್ ಅವರ ಮುಖ ನೋಡಿ ವಾಪಸಾದ.

ಜಯಾ ತಟ್ಟೆ ಮುಟ್ಟಲಿಲ್ಲ.

ಅಷ್ಟರಲ್ಲಿ ಕೇಕು ಬಂತು. ‘ನಮ್ಮ ಮನೆಯವರಿಗೆ, ಪ್ರೀತಿಯಿಂದ’. ಬೋರಣ್ಣ ಅದನ್ನು ಒಂದೊಂದೇ ಅಕ್ಷರ ಜೋಡಿಸಿ ಗಟ್ಟಿಯಾಗಿ ಓದಿ, ಶಲ್ಯದಲ್ಲಿ ಮೂಗೊರೆಸಿಕೊಂಡು, ಚಾಕು ಹಿಡಿದು ಕತ್ತರಿಸಿಯೇಬಿಟ್ಟರು. ಮೊದಲ ತುಂಡನ್ನು ನಿಂಗರಾಜನ ಬಾಯಿಗೆ ತುರುಕಿದರು. ಜಯಾ ಚಪ್ಪಾಳೆ ತಟ್ಟಿದಳು, ಒಂದೊಂದು ಪೆಟ್ಟೂ ಗಂಡನ ಕಪಾಳಕ್ಕೆ ಬಿದ್ದಂತಿತ್ತು.

“ಮಸ್ತ್ ಆತು,” ಅಂದಳು. “ನಾವಿಬ್ಬರ ಅಂದ್ರಿ. ಓನರ್ ಹುಟ್ಟಿದ ಹಬ್ಬಕ್ಕ ನನಗ ಇಳಕಲ್ ಸೀರಿ ಉಡಿಸಿದ್ರಿ. ಬಾಡಿಗಿ ಏರಸಬಾರದು ಅಂತ ಹಿಂಗ ಬೆಣ್ಣಿ ಹಚ್ಚತೀರಂತ ನನಗ ಗೊತ್ತಿರಲಿಲ್ಲ. ನಾಳೆ ಬಸ್ಸಿಗೆ ಹೇಳ್ರಿ.”

ಬಾಯಿತುಂಬ ಕೇಕಿದ್ದ ನಿಂಗರಾಜನಿಗೆ ಕಣ್ಣು ಕತ್ತಲಿಟ್ಟಂತಾಯಿತು. ಹದಿನೈದು ದಿನದಿಂದ ಗುಟ್ಟು ಕಾದು, ತಾರಸಿ ಹತ್ತಿಳಿದು, ಕಡೆಗೆ ತನಗೇ ಬೈಗುಳ! ಅಗ್ರಿಮೆಂಟ್ ಹಾಳಾಗಿ ಹೋಗಲಿ. ಅವನು ಕೇಕು ನುಂಗಿ, ಎದ್ದು ನಿಂತು ಕೂಗಿದ.

“ಓನರಂದಲ್ಲ! ಹುಟ್ಟಿದ ಹಬ್ಬ ನಿಂದು! ಮನೆಯವರು ಅಂದ್ರ ನೀನ! ಇವರು ತಾವಾಗೇ ತಪ್ಪು ತಿಳಕೊಂಡು ಬಂದಾರ!”

ಅಕ್ಕಪಕ್ಕದ ಟೇಬಲ್ಲಿನವರೆಲ್ಲ ಇತ್ತ ತಿರುಗಿದರು. ಬೋರಣ್ಣನವರ ಕೈಯಲ್ಲಿ ಚಾಕು ಹಾಗೇ ನಿಂತಿತು. ಅಂಜನಮ್ಮನವರ ಮುಖ ಸಣ್ಣದಾಯಿತು. ನಿಂಗರಾಜ ಮಾತ್ರ ಜಯಾಳ ಮುಖ ಅರಳೀತೆಂದು ಆಸೆಯಿಂದ ನೋಡಿದ.

“ನಂದಾ?” ಅಂದಳು ಜಯಾ. “ಇವತ್ತಾ?”

“ಮತ್ತ? ಹೋದ ವರ್ಷ ಬ್ಯಾಂಕಿನವರು ಮೆಸೇಜ್ ಕಳಿಸಿರಲಿಲ್ಲೇನು?”

“ಅದು ಸಾಲ್ಯಾಗ ಮಾಸ್ತರ್ ಬರದಿದ್ದು! ನಮ್ಮಪ್ಪಗ ತಾರೀಖು ನೆನಪಿರಲಿಲ್ಲ, ‘ಜೂನ್ ಒಂದು ಹಾಕತೇನಿ’ ಅಂದರಂತ. ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಜೂನ್ ಒಂದಕ್ಕ ಹುಟ್ಟಿದವರ. ನಾ ಹುಟ್ಟಿದ್ದು ಕಾರಹುಣ್ಣಿಮಿ ದಿನ. ಹೋದ ವರ್ಷ ಹುಣ್ಣಿಮಿ ಆದಮ್ಯಾಲೆ ವಾರಗಟ್ಲೆ ನಾ ಮಾತು ಬಿಟ್ಟಿದ್ದು ಯಾಕ ಅನಕೊಂಡ್ರಿ?”

ಹೋಳಿಗೆಗೆ ತುಪ್ಪ ತರಲು ಮರೆತದ್ದಕ್ಕೆ ಎಂದು ನಿಂಗರಾಜ ಅನ್ನಲಿಲ್ಲ.

ಆಗ ಬೋರಣ್ಣ ನಕ್ಕರು. ಮೊದಲು ಹೊಟ್ಟೆ, ಆಮೇಲೆ ಶಲ್ಯ, ಆಮೇಲೆ ಟೇಬಲ್ಲು ಕುಲುಕಿತು. “ನಂದೂ ಮೇಷ್ಟ್ರು ಬರ್ದಿದ್ದೇ ಕಣವ್ವ! ನಾನು ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ ಅಂತ ನಮ್ಮವ್ವ ಹೇಳೋಳು!” ಪಕ್ಕದ ಟೇಬಲ್ಲಿನ ಅಂಕಲ್ ಒಬ್ಬರು, ಅರ್ಧ ತಿಂದ ಕೇಕು ಕೆಳಗಿಟ್ಟು, “ನಂದೂ ಅಷ್ಟೇ ಸಾರ್,” ಅಂದರು. ಅದರಾಚೆ ಟೇಬಲ್ಲಿನಿಂದಲೂ ಒಂದು ಕೈ ಮೇಲೆದ್ದಿತು.

ಅಲ್ಲಿಗೆ ಆ ಟೇಬಲ್ಲಿನಲ್ಲಿ ಯಾರ ಹುಟ್ಟುಹಬ್ಬವೂ ಆಗಿರಲಿಲ್ಲ. ಬಿಲ್ಲು ಮಾತ್ರ ನಿಂಗರಾಜನದೇ ಆಗಿತ್ತು.

“ತಪ್ಪು ನಮ್ಮದೇ ಕಣಮ್ಮ,” ಎಂದು ಅಂಜನಮ್ಮ ಜಯಾಳ ಕೈ ಹಿಡಿದುಕೊಂಡರು. ಜಯಾ ನಗಬಾರದು ಅಂದುಕೊಂಡರೂ ತುಸು ನಕ್ಕಳು. ಸದ್ಯ, ಬಸ್ಸು ತಪ್ಪಿತು ಎಂದು ನಿಂಗರಾಜ ಉಸಿರು ಬಿಟ್ಟ. ಕಾರಹುಣ್ಣಿಮೆ ಇನ್ನೂ ಮುಂದಿದೆ. ಅವತ್ತು ಜೋಪಾನವಾಗಿ ಇಬ್ಬರೇ ಹೋದರಾಯಿತು, ಈ ಸಲ ಫೋನು ತಾರಸಿಯಿಂದ ಬೇಡ.

“ಏಯ್ ಮ್ಯಾನೇಜರ್ರೇ, ಬಾಯ್ಯ ಇಲ್ಲಿ!” ಬೋರಣ್ಣ ಕೈ ಎತ್ತಿ ಕರೆದರು. “ಕಾರಹುಣ್ಣಿಮೆ ದಿನ ನಮಗೆ ಒಂದು ದೊಡ್ಡ ಟೇಬಲ್ ಬರ್ಕೋ. ಮಕ್ಕಳು, ಮೊಮ್ಮಕ್ಕಳು ಎಲ್ಲಾ ಬರ್ತೀವಿ. ಮುದ್ದೆ ನಾವೇ ತರ್ತೀವಿ, ನೀನು ತಟ್ಟೆ ಕೊಡು ಸಾಕು.”

ನಿಂಗರಾಜ ಜಯಾಳ ಕಡೆ ನೋಡಲಿಲ್ಲ. ಕುತ್ತಿಗೆ ಮತ್ತೆ ಸುಡತೊಡಗಿತ್ತು.

“ಆಗ್ಲಿ ಸಾರ್. ಯಾರ ಬರ್ತ್‌ಡೇ?” ಎಂದ ಮ್ಯಾನೇಜರ್.

ಬೋರಣ್ಣ ಜಯಾಳ ತಲೆಯ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ ಹೇಳಿದರು: “ನಮ್ಮ ಮನೆಯವರದ್ದು!”