ಅಂಗಳದ ತಂಗಡಿ ಮತ್ತು ನನ್ನ ದಿನಚರಿ

ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ದೂರಿಲ್ಲ; ಅದರ ಪ್ರಾಮಾಣಿಕತೆಯ ಬಗ್ಗೆ ಮಾತ್ರ ಅನುಮಾನ. ಯಾವ ಹಳೆಯ ಜಗಳ ನೆನಪಾದರೂ ಅದರಲ್ಲಿ ನಾನೇ ಸರಿ ಇರುತ್ತೇನೆ. ಇಷ್ಟು ವರ್ಷಗಳಲ್ಲಿ ಒಂದು ಸಲವಾದರೂ ನಾನು ತಪ್ಪಿರಬೇಕಲ್ಲ! ಧಾರವಾಡದಲ್ಲಿ ಎಂ.ಎ. ಓದುವಾಗಲೇ ಈ ಗುಮಾನಿ ಹುಟ್ಟಿ ದಿನಚರಿ ಬರೆಯಲು ಹಿಡಿದೆ. ನನ್ನ ಮೇಲೆ ನಾನೇ ಬಿಟ್ಟುಕೊಂಡ ಗೂಢಚಾರ ಅದು. ಒಮ್ಮೆ ಅದು ನನ್ನನ್ನು ಚೆನ್ನಾಗಿ ಹಿಡಿದುಕೊಟ್ಟಿತು.

ಮೊಬೈಲಿಗೆ ಸಿಗ್ನಲ್ ಹುಡುಕಿಕೊಂಡು ಮಾಳಿಗೆ ಹತ್ತುತ್ತಿದ್ದ ಕಾಲ. ಗಜೇಂದ್ರಗಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ನೇಯ್ಗೆ ಕಲಿಸುವ ಒಂದು ಸಂಸ್ಥೆಯಲ್ಲಿ ವರದಿ ಬರೆಯುವುದು ನನ್ನ ಕೆಲಸ. ಆಫೀಸಿನ ಮುಂದೊಂದು ಹುಲ್ಲುಹಾಸು ಇತ್ತು. ಊರಿಗೆ ಕುಡಿಯಲು ನೀರಿಲ್ಲದಾಗಲೂ ಅದಕ್ಕೆ ಟ್ಯಾಂಕರ್ ಬರುತ್ತಿತ್ತು. ಒಂದು ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಈ ನೆಲದ ಗಿಡಗಳನ್ನೇ ಬೆಳೆಸಬೇಕೆಂದು ಅರ್ಧ ಗಂಟೆ ಮಾತಾಡಿದೆ. ಅರ್ಧ ಗಂಟೆ ಎಂಬುದು ನನ್ನ ನೆನಪು. ದಿನಚರಿಯ ಪ್ರಕಾರ ಮುಖ್ಯಸ್ಥೆ ಶಾಂತಕ್ಕ ಹತ್ತು ನಿಮಿಷಕ್ಕೇ "ಸಾಕ್ರಿ, ಹಚ್ಚ್ರಿ" ಅಂದಿದ್ದರು. ಹುಲ್ಲು ಕಿತ್ತು, ಗುಡ್ಡದಿಂದ ಬೀಜ ತಂದು ತಂಗಡಿ, ಕವಳಿ, ಎಕ್ಕಿ, ಬಾರಿಯಂಥ ಕಾಡುಗಿಡ ಹಚ್ಚಿದೆವು. ಹಚ್ಚಿದವರು, ನಿಜ ಹೇಳಬೇಕೆಂದರೆ, ತೋಟಗಾರ ಖಾದರಸಾಬರು. ಹತ್ತಿರದ ಪುರ್ತಗೇರಿಯ ರೈತರು, ವಯಸ್ಸಿನಲ್ಲಿ ನನಗಿಂತ ಹಿರಿಯರು.

"ಸರ್ರ, ಇವನ್ನ ಹೊಲದ ಬದುವಿನ್ಯಾಗಿಂದ ಕಿತ್ತಿ ಕಿತ್ತಿ ನಮ್ಮಪ್ಪನ ನಡಾನ ಬಾಗಿತ್ತು. ನೀವು ನೋಡಿದ್ರ ಬೊಗಸಿಲೆ ನೀರು ಹಾಕು ಅಂತೀರಿ!"

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಡಗಳು ಮೊಣಕಾಲೆತ್ತರ ಬಂದವು. ಟ್ಯಾಂಕರ್ ನಿಂತಿತು. ಜೊತೆಗೆ ಹೊಲಿಗೆ ಕಲಿಯಲು ಹೊಸಬರು ಬರುವುದೂ ನಿಲ್ಲುವಂತಾಯಿತು. ನರೇಗಲ್ಲಿನಿಂದ ಬಂದವಳೊಬ್ಬಳು ಗೇಟಿನಾಚೆಯೇ ನಿಂತು, ಕುರುಚಲು ನೋಡಿ, "ಆಫೀಸ್ ಎಲ್ಲಿಗೆ ಎತ್ತಿದ್ರಿ? ಇಲ್ಲಿ ಯಾರೂ ಇದ್ದಾಂಗಿಲ್ಲ" ಎಂದು ನನ್ನನ್ನೇ ಕೇಳಿದಳು. ನಾನು ಮಾತ್ರ ಎದೆಗುಂದದೆ ವರದಿಯಲ್ಲಿ ಆ ತೋಟದ ಬಗ್ಗೆ ನಾಲ್ಕು ಪುಟ ಬರೆದೆ. ಅದನ್ನು ಓದಿದ ಬೆಂಗಳೂರಿನ ದಾನಿಗಳು, ಸೋಮವಾರ ತೋಟ ನೋಡಲು ಬರುವುದಾಗಿ ತಿಳಿಸಿದರು.

ನಾನು ಶುಕ್ರವಾರ ಸಂಜೆ ನರಗುಂದಕ್ಕೆ ಮದುವೆಗೆ ಹೋಗಿ ಸೋಮವಾರ ಬೆಳಿಗ್ಗೆ ಬಂದೆ. ಅಂಗಳದಲ್ಲಿ ಒಂದೂ ಗಿಡವಿಲ್ಲ! ಕರಿಮಣ್ಣು, ಅದರ ಮೇಲೆ ಸೆಗಣಿ ನೀರು, ನಡುವೆ ಭಾರಿ ರಂಗೋಲಿ. ಶನಿವಾರ ತರಬೇತಿಗೆ ಬಂದ ಪುರ್ತಗೇರಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಾದರಸಾಬರು ಕುಡಗೋಲಿನಿಂದ ಎಲ್ಲವನ್ನೂ ಕೊಯ್ಯಿಸಿದ್ದರು. ಕಳೆ ತೆಗೆದು ಪಳಗಿದ ಎರೆಹೊಲದವರ ಕೈ, ಎಲೆಯೊಂದನ್ನೂ ಉಳಿಸಿರಲಿಲ್ಲ.

"ಇವರನ್ನ ಇವತ್ತ ಕೆಲಸದಿಂದ ಬಿಡಸ್ತೀನಿ," ಅಂದರು ಶಾಂತಕ್ಕ, ಖಾದರಸಾಬರತ್ತ ಕೈ ಮಾಡಿ. "ನೀವು ಏನ ಹೇಳಿ ಹೋಗಿದ್ರಿ ಇವರಿಗೆ?"

"ಒಂದು ಎಲೆಯನ್ನೂ ಮುಟ್ಟಬೇಡಿ ಅಂತ ಹೇಳಿದ್ದೆ," ಎಂದೆ. ನನಗೆ ಸ್ಪಷ್ಟವಾಗಿ ನೆನಪಿತ್ತು. ಖಾದರಸಾಬರು ನನ್ನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ನಿಂತರು.

ಆ ನೋಟವೇ ನನ್ನನ್ನು ಕೊರೆಯಿತು. ಒಳಗೆ ಹೋಗಿ ಚೀಲದಿಂದ ದಿನಚರಿ ತೆಗೆದೆ. ಶುಕ್ರವಾರದ ಪುಟ, ನನ್ನದೇ ಅಕ್ಷರ: 'ಸೋಮವಾರದೊಳಗೆ ಅಂಗಳ ಸ್ವಚ್ಛ ಆಗಿರಬೇಕು ಎಂದು ಖಾದರಸಾಬರಿಗೆ ಹೇಳಿ ಬಸ್ಸಿಗೆ ಓಡಿದೆ.' ಎಲೆಯ ಸುದ್ದಿಯೇ ಇಲ್ಲ. ಪುಟ ಹರಿದು ಬಾಯಿಗೆ ಹಾಕಿಕೊಳ್ಳುವ ಯೋಚನೆ ಬಂದದ್ದು ಸುಳ್ಳಲ್ಲ. ಆದರೆ ಕಾಲುಗಳು ಅಷ್ಟರಲ್ಲಿ ಶಾಂತಕ್ಕನ ಮೇಜಿನ ಮುಂದೆ ನಿಂತಿದ್ದವು. ಅವರು ಪುಟವನ್ನು ಎರಡು ಸಲ ಓದಿದರು.

"ಹಂಗಾದ್ರ ಬಿಡಸಬೇಕಾದದ್ದು ನಿಮ್ಮನ್ನೇನ್ರಿ?" ಎಂದು ನಗತೊಡಗಿದರು.

"ಮೊದಲ ಹೇಳಬಾರದಾಗಿತ್ತೇನ್ರಿ?" ಎಂದು ಹೊರಗೆ ಬಂದು ಖಾದರಸಾಬರನ್ನು ಕೇಳಿದೆ.

"ಅಕ್ಕಾರ ಮುಂದ ನಿಮ್ಮನ್ನ ಹ್ಯಾಂಗ ಸುಳ್ಳ ಮಾಡ್ಲಿರಿ? ಸ್ವಚ್ಛ ಮಾಡು ಅಂದಾಗ, ಅಂತೂ ಸರ್‌ಗೆ ಬುದ್ಧಿ ಬಂತು ಅಂತ ನನಗ ಭಾಳ ಖುಷಿ ಆಗಿತ್ತು. ಹೆದರಬ್ಯಾಡ್ರಿ, ಬೇರು ಕಿತ್ತಿಲ್ಲ. ಈ ತಂಗಡಿ ಸಾಯೂ ಜಾತಿ ಅಲ್ಲ."

ದಾನಿಗಳಿಗೆ ಅವರೇ ಬರಿ ನೆಲ ತೋರಿಸಿದರು: ಇಲ್ಲಿ ತಂಗಡಿ ಐತ್ರಿ, ಅಲ್ಲಿ ಕವಳಿ ಐತ್ರಿ, ಹದಿನೈದು ದಿನ ತಡೀರಿ. ದಾನಿಗಳು ಕಾಣದ ಗಿಡಗಳನ್ನು ಭಕ್ತಿಯಿಂದ ನೋಡಿ ಹೋದರು.

ಹದಿನೈದು ದಿನಕ್ಕೆ ನೆಲ ನಿಜವಾಗಿಯೂ ಚಿಗುರಿತು. ಆ ಸಂಭ್ರಮದಲ್ಲಿ ನಾನೂ ಕೈ ಹಚ್ಚೋಣವೆಂದು ಕುಕ್ಕರಗಾಲಲ್ಲಿ ಕುಳಿತು, ಎಳೆ ಸಸಿಯೊಂದನ್ನು ಬೇರು ಸಮೇತ ಎಳೆದು, "ನೋಡ್ರಿ, ಕಸ ಹೆಂಗ ಬಂದೈತಿ" ಎಂದೆ.

"ಅದು ತಂಗಡೀರಿ, ಸರ್ರ. ಬೀಜ ಬಿದ್ದು ಹುಟ್ಟೇತಿ," ಎಂದರು ಖಾದರಸಾಬರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, "ಅಕ್ಕಾರಿಗೆ ಹೇಳೂದಿಲ್ಲ ಬಿಡ್ರಿ."

ಆ ರಾತ್ರಿ ಇದನ್ನು ದಿನಚರಿಯಲ್ಲಿ ಬರೆಯಬೇಕಿತ್ತು. ಬರೆದಿಲ್ಲ. ಹೇಗೂ ನೆನಪಿರುತ್ತದಲ್ಲ ಎಂದುಕೊಂಡೆ.