ವೆಂಕಟ್ರಮಣನ ಬೆಳಗಿನ ಪ್ರೋಗ್ರಾಂ

ಮಂಕಿ ಊರಿನ ವೆಂಕಟ್ರಮಣ ಟೀವಿಗೆ ಕಂಪ್ಯೂಟರ್ ಜೋಡಿಸಿದ್ದೇ ತಪ್ಪಾಯಿತು.

ಹೊನ್ನಾವರದ ಸಿಗಡಿ ಕಂಪನಿಗೆ ಕಂಪ್ಯೂಟರ್ ಬಂದಾಗಿನಿಂದ ಅದಕ್ಕೆ ಪ್ರೋಗ್ರಾಂ ಬರೆಯುವವನು ಅವನೇ. ವರ್ಷಗಟ್ಟಲೆ ಅದೇ ಪೆಟ್ಟಿಗೆಗಳ ಲೆಕ್ಕ, ಅದೇ ಐಸಿನ ಲೆಕ್ಕ. ತಲೆಯೂ ಐಸಿನಲ್ಲಿಟ್ಟ ಬಂಗಡೆ ಮೀನಿನಂತಾಗಿತ್ತು. ಅದಕ್ಕೇ ಮುಂಬಯಿಯಿಂದ ಪುಟ್ಟ ಕಂಪ್ಯೂಟರೊಂದನ್ನು ತರಿಸಿ, ದಿನಾ ಬೆಳಿಗ್ಗೆ ತನ್ನ ಖುಷಿಗೆಂದು ಸ್ವಲ್ಪ ಹೊತ್ತು ಪ್ರೋಗ್ರಾಂ ಬರೆಯುವ ರೂಢಿ ಹಾಕಿಕೊಂಡ.

ಆ ಭಾನುವಾರ ಟೀವಿಯ ಪರದೆಯಲ್ಲಿ ಒಂದು ದೋಣಿ ಈ ದಡದಿಂದ ಆ ದಡಕ್ಕೆ ಹೋಗಬೇಕಿತ್ತು. ನಡುನೀರಿನಲ್ಲೇ ನಿಂತುಬಿಟ್ಟಿತು. ವೆಂಕಟ್ರಮಣ ತಲೆ ಕೆರೆದುಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಸುಕ್ರಿ ಕಷಾಯ ಹಿಡಿದು ಬಂದಳು.

"ಆಯ್ತವಾರವೂ ಆಫೀಸು ಕೆಲ್ಸವಾ ತಮಾ?"

"ಅಲ್ಲ ಸುಕ್ರಕ್ಕ, ಇದು ನನ್ನ ಖುಷಿಗೆ."

"ಖುಷಿಗೆ ಯಾರಾದ್ರೂ ಹೀಂಗೆ ಮುಖ ಮಾಡ್ಕಂಡು ಕೂತ್ಕಂತ್ರಾ? ನನ್ನ ಹತ್ರ ಮುಚ್ಚಿಡಬೇಡ."

ಇನ್ನೊಂದು ಸಾಲು ತಿದ್ದಿದ್ದರೆ ದೋಣಿ ಹೊರಡುತ್ತಿತ್ತು. ಅಷ್ಟರಲ್ಲಿ ಕರುಣೆ ತಡೆಯಲಾರದೆ ಸುಕ್ರಿ ಸ್ವಿಚ್ಚನ್ನೇ ಆರಿಸಿದಳು. ಇನ್ನೂ ಕ್ಯಾಸೆಟ್ಟಿಗೆ ತುಂಬಿಸಿ ಉಳಿಸಿಕೊಂಡಿರದ ಪ್ರೋಗ್ರಾಂ ದೋಣಿಸಮೇತ ಮುಳುಗಿತು. ವೆಂಕಟ್ರಮಣನ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡದ್ದೇ ಸುಕ್ರಿ ಗಂಡ ದುರ್ಗಪ್ಪನ ಬಳಿ ಓಡಿದಳು.

"ಪಾಪದವ ಅಂದ್ಕಂಡು ರಕ್ತ ಹೀರ್ತ್ರಾ? ನಾ ಕಂಪನಿ ಸಾಹೇಬ್ರ ಹತ್ರ ಮಾತಾಡ್ಕಂಡೇ ಬತ್ತೆ" ಎಂದ ದುರ್ಗಪ್ಪ ಹೊನ್ನಾವರದ ಬಸ್ಸು ಹತ್ತಿಯೇಬಿಟ್ಟ.

ಸುದ್ದಿ ವೆಂಕಟ್ರಮಣನಿಗೂ ತಿಳಿಯಿತು. ಕಂಪನಿಯ ಮೇಲೆ ದೂರು ಹೇಳಿಸಿದವನನ್ನು ಕೆಲಸದಲ್ಲಿ ಇಟ್ಟುಕೊಳ್ಳುವವರುಂಟೇ? ಉಟ್ಟ ಲುಂಗಿಯಲ್ಲೇ ಓಡಿ, ತೆಂಗಿನಕಾಯಿ ಲಾರಿಯೊಂದನ್ನು ಅಡ್ಡಗಟ್ಟಿ, ಕಾಯಿಗಳ ಮೇಲೆ ಕಾಯಿಯಂತೆಯೇ ಉರುಳಾಡುತ್ತ ಸಾಹೇಬರ ಮನೆ ತಲುಪಿದ.

"ಅವ್ರು ಈಗಷ್ಟೇ ಮಂಕಿಗೆ ಹೋದ್ರಲ್ಲ, ಸ್ಕೂಟರ್ ಹಿಂದೆ ಯಾರನ್ನೋ ಕೂರ್ಸ್ಕಂಡು" ಎಂದಳು ಕೆಲಸದ ನಾಗಿ.

ಅವನು ಏದುಸಿರು ಬಿಡುತ್ತ ಮನೆಗೆ ಮರಳಿದಾಗ ಜಗಲಿಯ ತುಂಬ ಜನ. ಒಳಗೆ ಸಾಹೇಬರು ಟೀವಿಗೆ ಜೋಡಿಸಿದ ಕಂಪ್ಯೂಟರನ್ನೇ ದಿಟ್ಟಿಸುತ್ತ ನಿಂತಿದ್ದರು.

"ಸಾರ್, ಆಫೀಸಿನ ಕೆಲಸ ಅಲ್ಲ... ಕೈ ಜಡ್ಡಾಗಬಾರದು ಅಂತ, ದಿನಾ ಬೆಳಿಗ್ಗೆ ನನ್ನಷ್ಟಕ್ಕೆ..."

ಸಾಹೇಬರು ನಿಟ್ಟುಸಿರಿಟ್ಟರು. "ಮುಂಬಯಿಲಿ ನಾನೂ ಪ್ರೋಗ್ರಾಂ ಬರೀತಿದ್ದವನೇ ವೆಂಕಟ್ರಮಣ. ಮೆನೇಜರ್ ಆದ್ಮೇಲೆ ಬರೀ ಸಹಿ ಹಾಕೂದು. ದಿನಾ ಸ್ವಲ್ಪ ಬರೀಬೇಕು ಅಂತ ನಂಗೆ ಹೊಳೀಲೇ ಇಲ್ಲ ನೋಡಿ."

ಕೊನೆಗೂ ಅರ್ಥ ಮಾಡಿಕೊಳ್ಳುವ ಒಬ್ಬರು ಸಿಕ್ಕಿದರು! ವೆಂಕಟ್ರಮಣ ಪ್ರೀತಿಯಿಂದ ಕುರ್ಚಿ ಸರಿಸಿಕೊಟ್ಟ. ಸಾಹೇಬರು ಕುಳಿತರು. ಒಂದು ಸಾಲು ಬರೆದರು, ನಕ್ಕರು, ಮತ್ತೊಂದು ಬರೆದರು. ಮಧ್ಯಾಹ್ನ ಕಳೆಯಿತು. ಏಳಲಿಲ್ಲ.

"ನಾಳೆಯಿಂದ ದಿನಾ ಬೆಳಿಗ್ಗೆ ಇಲ್ಲಿಗೇ ಬರ್ತೇನೆ" ಎಂದರು, ಕತ್ತು ಹೊರಳಿಸದೆ. "ಒಂದು ಚಾ ಸಿಗಬಹುದಾ?"

ಜಗಲಿಯಲ್ಲಿ ದುರ್ಗಪ್ಪ ಎದೆಯುಬ್ಬಿಸಿ ಎಲ್ಲರಿಗೂ ಹೇಳುತ್ತಿದ್ದ: "ಕಂಡ್ರಾ? ನಾ ಒಂದು ಮಾತು ಹೇಳದ್ದೇ ಹೇಳದ್ದು, ಸಾಹೇಬ್ರೇ ಮನಿಗೆ ಬಂದು ನಮ್ಮ ವೆಂಕಟ್ರಮಣನ ಕೆಲ್ಸ ಎಲ್ಲಾ ಮಾಡ್ಕೊಡ್ತ್ರು!"