ಗಾಡಿ ಎಷ್ಟು ಕೊಡ್ತದ?

ನಮ್ಮ ಜೇವರ್ಗಿ ಕಡೆ ಕಾರು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಅದರ ಬಣ್ಣ, ಅದರ ಸೀಟು, ಅದರಲ್ಲಿ ಕೂತವನ ಸುಖದುಃಖ ಯಾವುದೂ ಯಾರಿಗೂ ಬೇಕಿಲ್ಲ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಂದು ಕಾಲು ಕೆಳಗಿಡುವಷ್ಟರಲ್ಲಿ ಪ್ರಶ್ನೆ ಬಂದುಬಿಡುತ್ತದೆ: "ಎಷ್ಟು ಕೊಡ್ತದ್ರಿ?" ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಎಂಬುದು ಅದರ ಅರ್ಥ. ಹೊಸಬರು ಎಮ್ಮೆಯ ವಿಚಾರ ಎಂದುಕೊಂಡಾರು. ಎಮ್ಮೆಯ ವಿಚಾರವಾಗಿದ್ದರೆ ನಾನೂ ಎದೆಯುಬ್ಬಿಸಿ ಉತ್ತರ ಕೊಡುತ್ತಿದ್ದೆ. ಕಾರಿನ ವಿಚಾರಕ್ಕೆ ಬಂದಾಗ ಮಾತ್ರ ಆಕಾಶ ನೋಡಿ, ಮಳೆ ಬರುವ ಹಾಗೆ ಕಾಣುತ್ತದೆ ಎಂದು ಮಾತು ತಿರುಗಿಸುತ್ತಿದ್ದೆ. ನಮ್ಮ ಸುಡುಬೇಸಗೆಯಲ್ಲೂ ಹಾಗೆ ಹೇಳಿ ಜನರನ್ನು ಗಾಬರಿಗೊಳಿಸಿದ್ದೇನೆ.

ಏನು ಮಾಡಲಿ, ನನ್ನ ಕಾರು ಒಂದು ವಾರ ಹದಿನೆಂಟು ಕೊಟ್ಟರೆ ಮರುವಾರ ಹನ್ನೊಂದು ಕೊಡುತ್ತಿತ್ತು. ನಾನು ನೆಲೋಗಿಯ ಶಾಲೆಯಲ್ಲಿ ಗಣಿತದ ಮಾಸ್ತರ. ಜೇವರ್ಗಿಯ ಮನೆಯಿಂದ ದಿನಾ ಅದರಲ್ಲೇ ಹೋಗಿಬರುತ್ತೇನೆ. ದೂರವನ್ನು ಪೆಟ್ರೋಲಿನಿಂದ ಭಾಗಿಸುವುದು ಮಕ್ಕಳಾಟದ ಲೆಕ್ಕ. ಆ ಲೆಕ್ಕ ನನಗೆ ಪ್ರತಿ ಸಲವೂ ಬೇರೆ ಉತ್ತರ ಕೊಡುತ್ತಿತ್ತು. ಕಿಲೋಮೀಟರಿನ ಮೀಟರು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈ ಕಾರನ್ನು ನಾನು ಕೊಂಡದ್ದೇ ಎರಡನೆಯ ಕೈಯಿಂದ. ಮೀಟರು ಆಗಲೇ ಒಂದು ಅಂಕಿಯ ಮೇಲೆ ಕೂತು ಸಮಾಧಿಗೆ ಹೋಗಿತ್ತು. ರಿಪೇರಿ ಮಾಡಿಸಲು ಹೊರಟರೆ ಹಿತೈಷಿಗಳೆಲ್ಲ ಕೈ ಹಿಡಿದು ತಡೆದರು. ನಿಂತ ಮೀಟರು ಪುಣ್ಯವಂತರಿಗೇ ಸಿಗುವುದಂತೆ, ಮಾರುವಾಗ ಗಾಡಿ ಹೆಚ್ಚು ಓಡಿಲ್ಲ ಎನ್ನಬಹುದಂತೆ. ಪೆಟ್ರೋಲಿನ ಮುಳ್ಳಾದರೂ ನೆಟ್ಟಗಿದೆಯೇ ಎಂದರೆ ಅದು ಏರಿನಲ್ಲಿ ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ಹಾಗಾಗಿ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಷ್ಟು ದೂರವೆಂಬುದನ್ನು ರಸ್ತೆಬದಿಯ ಕಲ್ಲು ನೋಡಿ ತಿಳಿದುಕೊಂಡು, ದಿನಗಳಿಂದ ಗುಣಿಸಿ, ಎಲ್ಲವನ್ನೂ ತಲೆಯಲ್ಲೇ ಲೆಕ್ಕ ಹಾಕುತ್ತಿದ್ದೆ. ಗಣಿತದವನಿಗೆ ಮೀಟರು ಯಾಕೆ ಬೇಕು ಎಂಬ ಸೊಕ್ಕೂ ಸ್ವಲ್ಪ ಇತ್ತು.

ಆ ಸೊಕ್ಕು ಆಳಂದದ ದಾರಿಯಲ್ಲಿ ಇಳಿಯಿತು. ಆಳಂದ ನನ್ನ ಹೆಂಡತಿ ಮಹಾದೇವಿಯ ತವರು. ಅವಳ ತಮ್ಮ ಶರಣು ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿಯ ಕುಬಸದ ಕಾರ್ಯಕ್ಕೆ ಹೊರಟಿದ್ದೆವು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವಾಗ ನಾದಿನಿ ಮುಂದೆ ನಿಲ್ಲದಿದ್ದರೆ ಹೇಗೆ? ಕಲಬುರಗಿ ದಾಟುವಾಗ ಮಹಾದೇವಿ ಪೆಟ್ರೋಲು ಹಾಕಿಸಲು ಹೇಳಿದಳು. ನಾನು ಮನಸ್ಸಿನಲ್ಲೇ ಗುಣಿಸಿ, ಭಾಗಿಸಿ, ಆಳಂದ ಮುಟ್ಟಿ ಇನ್ನೂ ಉಳಿಯುತ್ತದೆ ಎಂದೆ. ಊರು ಕಣ್ಣಿಗೆ ಕಾಣುವ ಮುಂಚೆಯೇ ಕಾರು ಎರಡು ಸಲ ಬಿಕ್ಕಿ ನಿಂತಿತು. ರೇಷ್ಮೆ ಸೀರೆ ಉಟ್ಟ ನನ್ನ ಹೆಂಡತಿ ಕಬ್ಬಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ತವರು ಸೇರಿದಳು. ಅಷ್ಟರಲ್ಲಿ ಆರತಿ ಮುಗಿದಿತ್ತು. 

ಮನೆಗೆ ಬಂದ ಮೇಲೆ ತೀರ್ಪು ಬಂತು. "ಅಮಾಸಿ ತನಕ ನೋಡ್ತೇನಿ. ಈ ಗಾಡಿ ಯಾಕ ಹಿಂಗ ಕುಡೀತದ ಅಂತ ಹುಡುಕಿ ಹೇಳ್ರಿ. ಇಲ್ಲಂದ್ರ ಶರಣು ಬಂದು ಒಯ್ತಾನ. ಅವನಿಗೂ ಅಂಗಡಿಗೆ ಒಂದು ಬೇಕಾಗೇದ."

ನನಗೆ ಜೀವ ಹೋದಂತಾಯಿತು. ನಕ್ಕರೂ ನಗಿರಿ, ನನಗೆ ಆ ಕಾರಿನ ಮೇಲೆ ಪ್ರೀತಿ. ನಮ್ಮಪ್ಪನನ್ನು ಅಫಜಲಪುರದ ಕಡೆಯ ನಮ್ಮ ಹೊಲಕ್ಕೆ ಕೊನೆಯ ಸಲ ಕರೆದುಕೊಂಡು ಹೋದದ್ದು ಅದರಲ್ಲೇ. ಬದುಕಿಡೀ ಬಸ್ಸಿನಲ್ಲಿ ನಿಂತೇ ಓಡಾಡಿದ ಮನುಷ್ಯ ಅವತ್ತು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಹೊರಗೆ ಮೊಣಕೈ ಚಾಚಿ, ಎದುರಿಗೆ ಸಿಕ್ಕವರಿಗೆಲ್ಲ ಸಾಹುಕಾರನಂತೆ ಕೈ ಎತ್ತುತ್ತಿದ್ದ. ಗಾಡಿ ನಿಲ್ಲಿಸಿ ನಿಲ್ಲಿಸಿ ಗುರುತಿನವರನ್ನು ಹತ್ತಿಸಿಕೊಂಡ. ಹೊಲ ಮುಟ್ಟುವಾಗ ಕಾರಿನಲ್ಲಿ ನನಗೇ ಜಾಗ ಸಾಲದಾಗಿತ್ತು. ಅಪ್ಪ ಕೂತ ಆ ಸೀಟನ್ನು ಶರಣುವಿನ ಅಂಗಡಿಯ ಸಕ್ಕರೆ ಚೀಲಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಹುಡುಕಾಟ ಶುರುವಾಯಿತು. ಖಾಜಾ ಮಿಸ್ತ್ರಿ ಬಾನೆಟ್ಟು ಎತ್ತಿ, ವೈದ್ಯರು ನಾಲಗೆ ನೋಡುವ ಹಾಗೆ ಒಳಗೆ ನೋಡಿ, ಪ್ಲಗ್ಗುಗಳೇ ಕಾರಣ ಎಂದು ಆಣೆ ಇಟ್ಟ. ಪ್ಲಗ್ಗು ಬದಲಾದವು, ಉತ್ತರ ಬದಲಾಗಲಿಲ್ಲ. ಆಮೇಲೆ ಅಷ್ಟೇ ಖಾತ್ರಿಯಿಂದ ಏರ್ ಫಿಲ್ಟರ್ ಎಂದ. ನಮ್ಮ ಶಾಲೆಯ ಡ್ರಿಲ್ ಮಾಸ್ತರು ಟೈರಿನ ಗಾಳಿ ಎಂದರು. ಹಿಂದಿ ಮಾಸ್ತರು ನಾನು ಗೇರು ಹಾಕುವ ರೀತಿಯನ್ನೇ ಆಡಿಕೊಂಡರು. ನಾನು ಕ್ಲಚ್ಚಿನ ಮೇಲಿಂದ ಕಾಲು ತೆಗೆದದ್ದನ್ನು ಅವರು ಕಂಡೇ ಇಲ್ಲವಂತೆ. ಓಣಿಯಲ್ಲಿ ಮಾಸ್ತರ ಕುಡಿಯುವುದಿಲ್ಲ, ಅವರ ಗಾಡಿ ಕುಡಿಯುತ್ತದೆ ಎಂಬ ಮಾತು ಹುಟ್ಟಿತು. ಪಕ್ಕದ ಮನೆಯವರು ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ನಂಬುತ್ತೀರೋ ಇಲ್ಲವೋ, ನಿಂಬೆಹಣ್ಣು ಕಟ್ಟಿದ ವಾರ ಪೂರಾ ಹದಿನೆಂಟು ಬಂತು. ತನ್ನ ಪ್ಲಗ್ಗಿನ ಕೀರ್ತಿ ನಿಂಬೆಹಣ್ಣಿಗೆ ಹೋಯಿತೆಂದು ಖಾಜಾ ಮಿಸ್ತ್ರಿ ನನ್ನೊಡನೆ ಮಾತು ಬಿಟ್ಟ. ಮರುವಾರ ನಿಂಬೆಹಣ್ಣು ಒಣಗುವ ಮೊದಲೇ ಹನ್ನೊಂದಕ್ಕೆ ಇಳಿಯಿತು.

ಅಮಾವಾಸ್ಯೆ ಹತ್ತಿರ ಬಂತು. ಕೊನೆಗೆ ಮಹಾದೇವಿಯೇ ಪರೀಕ್ಷೆ ಗೊತ್ತುಮಾಡಿದಳು. ಭಾನುವಾರ ಬಂಕಿನಲ್ಲಿ ಟ್ಯಾಂಕು ಬಾಯಿತನಕ ತುಂಬಿಸುವುದು, ನೆಲೋಗಿಗೆ ಹೋಗಿ ಬಂದು ಅದೇ ಬಂಕಿನಲ್ಲಿ ಮತ್ತೆ ತುಂಬಿಸುವುದು, ಎಷ್ಟು ಹಿಡಿಯಿತೋ ಅಷ್ಟೇ ಖರ್ಚು. ಮೇಲ್ವಿಚಾರಣೆಗೆ ಅವಳೇ ಮುಂದಿನ ಸೀಟಿನಲ್ಲಿ ಕೂತಳು. ಶಾಲೆಯ ಪರೀಕ್ಷೆಗಳಲ್ಲಿ ನಾನು ಇಷ್ಟು ಬಿಗಿ ಮೇಲ್ವಿಚಾರಣೆ ಮಾಡಿದ್ದಿಲ್ಲ.

ಊರು ದಾಟಿ ಸ್ವಲ್ಪ ದೂರ ಹೋಗಿಲ್ಲ, ಬೇವಿನ ಮರದ ಕೆಳಗೆ ನಿಂತಿದ್ದ ಇಬ್ಬರು ನಮ್ಮ ಗಾಡಿ ಕಂಡು ಕೈ ಮಾಡಿದರು. ನಾನು ನೋಡದವನಂತೆ ಹೋದೆ. ಮುಂದಿನ ಕ್ರಾಸಿನಲ್ಲಿ ಇನ್ನೊಬ್ಬ. ಅದರ ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತವಳು. ಮಹಾದೇವಿ ತಿರುಗಿ ತಿರುಗಿ ನೋಡಿದಳು.

"ಅವರ‍್ಯಾಕ್ರಿ ನಮ್ಮ ಗಾಡಿಗೆ ಕೈ ಮಾಡಾಕತ್ತಾರ?"

"ಗುರುತಿನವರು. ನಮಸ್ಕಾರ ಮಾಡ್ತಾರ."

"ನಮಸ್ಕಾರ ಮಾಡೋರು ಗಂಟು ಎತ್ತಿಕೊಂಡು ಬೆನ್ನ ಹಿಂದ ಓಡಿ ಬರ್ತಾರೇನು?"

ಇನ್ನು ಮುಚ್ಚಿಡುವಂತಿರಲಿಲ್ಲ. ದಿನಾ ಬರುವಾಗ ಹೋಗುವಾಗ ಒಬ್ಬರಿಬ್ಬರನ್ನು ಹತ್ತಿಸಿಕೊಳ್ಳುತ್ತೇನೆ ಎಂದೆ. ಅದಕ್ಕೇನೂ ದೂರ ಹೆಚ್ಚಾಗುವುದಿಲ್ಲ, ಎಲ್ಲರೂ ಹಾದಿಯಲ್ಲೇ ಇಳಿಯುವವರು ಎಂದೂ ಸೇರಿಸಿದೆ. ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ 'ಹಾದ್ಯಾಗೇ ಅದ' ಎಂಬ ಮಾತಿನ ಹರವೇ ಹಾಗಿದೆ. ರಸ್ತೆ ಬಿಟ್ಟು ಹೊಲದ ದಾರಿಯಲ್ಲಿ ನಾಲ್ಕು ಹಳ್ಳ ದಾಟಿದರೂ ಅದು ಹಾದಿಯಲ್ಲೇ ಇರುತ್ತದೆ. ಒಮ್ಮೆ ನಾನು ಆಳಂದಕ್ಕೆ ಹೊರಟಾಗ ಹಿರಿಯರೊಬ್ಬರು ಹತ್ತಿದರು. ಅವರ ಊರು ಖಜೂರಿ. ಆಳಂದವನ್ನೂ ದಾಟಿ ಮಹಾರಾಷ್ಟ್ರದ ಗಡಿಯಲ್ಲಿದೆ. ಅದೂ ಹಾದಿಯಲ್ಲೇ ಎಂದರು. ಹಿರಿಯರ ಮಾತು ತೆಗೆದುಹಾಕುವುದು ಹೇಗೆ? ಹೋಗಿ ಬಿಟ್ಟುಬಂದೆ.

"ದಿನಾ ಯಾರ‍್ಯಾರು ಹತ್ತತಾರ?" ಎಂದಳು.

ಕೊಳಕೂರಿನ ಮುದುಕಿ ಗುರಮ್ಮ ಆಯಿಯ ಮಗಳನ್ನು ನೆಲೋಗಿಗೆ ಕೊಟ್ಟಿದ್ದಾರೆ, ಆಯಿ ಆಗಾಗ ಬರುತ್ತಾಳೆ, ಅವಳನ್ನು ಮನೆತನಕ ಬಿಡುತ್ತೇನೆ ಎಂದೆ.

"ಕೊಳಕೂರ ಯಾವ ಹಾದ್ಯಾಗ ಬರ್ತದ್ರಿ?"

ನಾನು ಆಕಾಶ ನೋಡಿದೆ. ಮಳೆಯ ಮಾತಿಗೆ ಅವಳು ಬಗ್ಗುವವಳಲ್ಲ. ಮುಂದಿನದೆಲ್ಲ ತಾನಾಗಿ ಹೊರಬಂತು. ಮನೆತನಕ ಬಿಟ್ಟವನನ್ನು ಚಹಾ ಕುಡಿಸದೆ ಯಾರೂ ಕಳಿಸುವುದಿಲ್ಲ. ನನ್ನ ಬ್ಯಾಟರಿಯೋ, ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಖಾತ್ರಿಯಿಲ್ಲ. ಹಾಗಾಗಿ ಒಳಗೆ ನಾನು ಚಹಾ ಕುಡಿಯುತ್ತಿದ್ದರೆ ಹೊರಗೆ ಅದು ನಿಂತಲ್ಲೇ ಪೆಟ್ರೋಲು ಕುಡಿಯುತ್ತಿರುತ್ತಿತ್ತು. ಕುಬಸದ ಹಿಂದಿನ ದಿನವೂ ಕೊಳಕೂರಿನಲ್ಲಿ ಹಾಗೇ ಆಗಿತ್ತು. ನಿಂಬೆಹಣ್ಣಿನ ಮಹಿಮೆಯೂ ಬಯಲಾಯಿತು. ಆ ವಾರ ತೊಗರಿ ರಾಶಿ ನಡೆದು ಎಲ್ಲರೂ ಹೊಲದಲ್ಲಿದ್ದರು, ದಾರಿಯಲ್ಲಿ ಕೈ ಮಾಡುವವರೇ ಇರಲಿಲ್ಲ. ಕೊಟ್ಟದ್ದನ್ನು ಸರಿಯಾಗಿ ಓದಿಕೊಳ್ಳಿ, ಆಮೇಲೆ ಲೆಕ್ಕ ಮಾಡಿ ಎಂದು ಹುಡುಗರಿಗೆ ದಿನಾ ಹೇಳುವ ನಾನು, ಗಾಡಿ ಓಡಿದ ದೂರವನ್ನೇ ತಪ್ಪಾಗಿ ಬರೆದುಕೊಂಡು ಅದರ ಹೊಟ್ಟೆ ಬಗೆದು ನೋಡುತ್ತಿದ್ದೆ.

"ಗಾಡಿಗೇನೂ ಆಗಿಲ್ಲ ಬಿಡ್ರಿ. ರೋಗ ನಿಮಗದ," ಎಂದಳು ಮಹಾದೇವಿ. ಕಾರು ಮನೆಯಲ್ಲೇ ಇರಲಿ, ಆದರೆ ಇನ್ನು ಮೇಲೆ ಯಾರನ್ನೂ ಹತ್ತಿಸಬಾರದು ಎಂಬುದು ಅವಳ ಕರಾರು. ನಾನು ಒಪ್ಪಿದೆ. ಗಾಡಿ ಉಳಿಯಿತಲ್ಲ ಎಂಬ ಸಂತೋಷದಲ್ಲಿ ಏನು ಹೇಳಿದ್ದರೂ ಒಪ್ಪುತ್ತಿದ್ದೆ.

ನೆಲೋಗಿ ಮುಟ್ಟಿ ಗಾಡಿ ತಿರುಗಿಸಿಕೊಂಡು ಬರುವಾಗ ಬಸ್ ನಿಲ್ದಾಣದ ಹತ್ತಿರ ಗುರಮ್ಮ ಆಯಿಯೇ ನಿಂತಿದ್ದಳು. ನನ್ನ ಗಾಡಿಯ ಸದ್ದು ಅವಳಿಗೆ ದೂರದಿಂದಲೇ ಗೊತ್ತು. ಗಂಟು ಕಂಕುಳಲ್ಲಿ ಹಿಡಿದು, ಇದು ನಿಂತೇ ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ ಎರಡು ಹೆಜ್ಜೆ ಮುಂದೆ ಬಂದಳು. ನಾನು ರಸ್ತೆಯನ್ನೇ ನೋಡುತ್ತ ಮುಂದೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಅವಳು ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ಮಹಾದೇವಿಯೂ ತನ್ನ ಕಡೆಯ ಕನ್ನಡಿಯಲ್ಲಿ ನೋಡಿದಳು.

ಜೇವರ್ಗಿಯ ಬಂಕು ಕಾಣಿಸಿತು. ಪರೀಕ್ಷೆ ಮುಗಿಯಲು ಇನ್ನೇನೂ ಉಳಿದಿರಲಿಲ್ಲ. ನಾನು ಬಂಕಿನ ಕಡೆ ಹೊರಳಿಸುವಾಗ ಅವಳು ಸ್ಟೇರಿಂಗಿನ ಮೇಲೆ ಕೈ ಇಟ್ಟಳು.

"ತಿರುಗಸ್ರಿ ಗಾಡಿ. ಆಯಿ ಬಿಸಲಾಗ ನಿಂತಾಳ."

"ಪರೀಕ್ಷಾ?"

"ನಡೀರಿ ಸುಮ್ನ. ಕೊಳಕೂರೇನು ದೂರ ಅಲ್ಲ. ಹಾದ್ಯಾಗೇ ಅದ."

ಮತ್ತೆ ನೆಲೋಗಿಯ ತನಕ ಹೋದೆವು. ಗುರಮ್ಮ ಆಯಿ ಅಲ್ಲೇ ಗಂಟಿನ ಮೇಲೆ ಕೂತಿದ್ದಳು. ಹತ್ತಿ ಕೂತವಳೇ, ಮಾಸ್ತರನಿಗೆ ಚಾಳೀಸು ಬಂದಿದೆ, ಕಣ್ಣು ತೋರಿಸಿಕೊಳ್ಳಲಿ ಎಂದು ನನ್ನನ್ನು ಬಿಟ್ಟು ಮಹಾದೇವಿಗೆ ಹೇಳಿದಳು. ಕೊಳಕೂರಿನಲ್ಲಿ ಮನೆ ಮುಟ್ಟಿದ ಮೇಲೆ ನಮ್ಮನ್ನು ಹಾಗೇ ಬಿಡಲಿಲ್ಲ. ಮಾಸ್ತರನ ಹೆಂಡತಿ ಮೊದಲ ಸಲ ಹೊಸ್ತಿಲು ತುಳಿದಿದ್ದಾಳೆಂದು ಸೊಸೆಯನ್ನು ಕರೆದು ಉಡಿ ತುಂಬಿಸಿದಳು. ಸೆರಗಿಗೆ ಜೋಳ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಮೇಲೆ ಒಂದು ರವಿಕೆ ಖಣ. "ನನ್ನ ಮಗಳು ಅಲ್ಲಿ ಇದ್ಹಂಗ, ನೀ ಇಲ್ಲಿ ಬೇ," ಎಂದಳು ಆಯಿ. ಆಳಂದದಲ್ಲಿ ಆರತಿ ತಪ್ಪಿಸಿಕೊಂಡ ದಿನವೂ ಅಳದವಳ ಕಣ್ಣು ಅಲ್ಲಿ ತುಂಬಿತು. ನನ್ನ ಕಣ್ಣೂ ಒದ್ದೆಯಾಯಿತು, ಹೊಗೆ ಎಂದೆ. ಹೊರಗೆ ಕಾರು ತನ್ನ ಪಾಡಿಗೆ ಗುರುಗುಡುತ್ತ ಕುಡಿಯುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಅಮಾವಾಸ್ಯೆಯ ದಿನ ಶರಣು ಫೋನು ಮಾಡಿದ. ಒಯ್ಯುವ ಮೊದಲು ಒಂದು ಮಾತು ಕೇಳಬೇಕಲ್ಲ, "ಅಕ್ಕಾ, ಗಾಡಿ ಎಷ್ಟು ಕೊಡ್ತದ?" ಎಂದ.

"ಕೊಡ್ತದಪ್ಪ, ಭಾಳ ಕೊಡ್ತದ," ಎಂದಳು ಮಹಾದೇವಿ. "ಆದ್ರ ನಿನಗ ಕೊಡಂಗಿಲ್ಲ."

ಹೀಗೆ ಗಾಡಿ ಉಳಿಯಿತು. ಗಾಡಿಯ ಯಜಮಾನಿಕೆ ಉಳಿದಿದೆಯೇ ಎಂದು ಕೇಳಬೇಡಿ. ರಜೆಯ ದಿನಗಳಲ್ಲಿ ಅಪ್ಪ ಕೂತಿದ್ದ ಸೀಟಿನಲ್ಲಿ ಈಗ ಮಹಾದೇವಿ ಕೂತಿರುತ್ತಾಳೆ, ಮೊಣಕೈ ಕಿಟಕಿಯ ಹೊರಗೆ. ಕೈ ಮಾಡಿದವರು ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಾರೆ, ಅವಳನ್ನೇ ಕೇಳಿ ಹತ್ತುತ್ತಾರೆ. ನನ್ನ ಹಾದಿ ಹೆಚ್ಚೆಂದರೆ ಖಜೂರಿಯ ತನಕ ಇತ್ತು. ಅವಳ ಹಾದಿ ದಿನದಿನಕ್ಕೆ ಅಗಲವಾಗುತ್ತಿದೆ. ಮೊನ್ನೆ ಐದು ಜನರ ನಡುವೆ ಸಿಕ್ಕಿಕೊಂಡು, ಗೇರು ಹಾಕಲು ಯಾರದೋ ಮೊಣಕಾಲು ಸರಿಸುತ್ತ, ಮನೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದು ನಾನೇ ಹೆದರುತ್ತ ಕೇಳಿದೆ. "ಮನಿ ಎಲ್ಲಿ ಓಡಿ ಹೋಗ್ತದ್ರಿ?" ಎಂದಳು. "ಅದೂ ಹಾದ್ಯಾಗೇ ಅದ."